‘ಕಾಣಲಿಲ್ಲ’ ಎಂದು ಬರೆಯುವ ಧೈರ್ಯ

“ಪ್ರಯೋಗ ಮಾಡಿ ನೋಡಿದೆ, ನಿರೀಕ್ಷಿಸಿದ್ದು ಕಾಣಲಿಲ್ಲ.” ಈ ವಾಕ್ಯಕ್ಕೆ ನಮ್ಮ ಕಲಿಕೆಯಲ್ಲಿ ಬೆಲೆ ಬಹಳ ಕಡಿಮೆ. ಪುಸ್ತಕದಲ್ಲಿರುವ ಸಂಖ್ಯೆ ಬಂದರೆ ಪ್ರಯೋಗ ಸರಿ, ಬಾರದಿದ್ದರೆ ತಪ್ಪು ಎಂದು ವಿದ್ಯಾರ್ಥಿಗಳೂ ನಂಬಿದ್ದಾರೆ, ಉಪನ್ಯಾಸಕರಾದ ನಾವೂ ಹೆಚ್ಚುಕಡಿಮೆ ಹಾಗೆಯೇ ನಡೆದುಕೊಳ್ಳುತ್ತೇವೆ. ಈ ನಂಬಿಕೆಯಿಂದ ನಾವು ಏನನ್ನು ಕಳೆದುಕೊಳ್ಳುತ್ತಿದ್ದೇವೆ ಎಂದು ಹೇಳಲು ಭೌತಶಾಸ್ತ್ರದ ಒಂದು ಹುಡುಕಾಟವನ್ನು ಆರಿಸಿಕೊಂಡಿದ್ದೇನೆ.

ಜಗತ್ತಿನ ಅತಿ ದೊಡ್ಡ ಪ್ರಯೋಗಾಲಯಗಳಲ್ಲಿ ಸಾವಿರಾರು ಜನ ಹತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ಸಣ್ಣ ಪರಿಣಾಮವನ್ನು ಹುಡುಕಿದರು. ವರ್ಷದ ಮೇಲೆ ವರ್ಷ ಅದು ಸಿಗಲಿಲ್ಲ. ಸಿಗಲಿಲ್ಲ ಎಂದೇ ಬರೆದರು. ಎಷ್ಟು ಸೂಕ್ಷ್ಮವಾಗಿ ಹುಡುಕಿದೆವು ಎಂಬುದನ್ನೂ ಸಂಖ್ಯೆಯಲ್ಲಿ ಬರೆದರು. ಹಾಗೆ ಬರೆದಿದ್ದರಿಂದಲೇ 2025ರಲ್ಲಿ ಕೊನೆಗೂ ಒಂದು ಸುಳಿವು ಸಿಕ್ಕಾಗ ಅದನ್ನು ತೂಗಿ ನೋಡಲು ಒಂದು ತಕ್ಕಡಿ ಸಿದ್ಧವಾಗಿತ್ತು.

ಜೆಟ್ ಎಂದರೆ ಏನು?

ಪ್ರೋಟಾನು ಕ್ವಾರ್ಕ್‌ಗಳಿಂದಲೂ ಅವುಗಳನ್ನು ಬಂಧಿಸಿಟ್ಟಿರುವ ಗ್ಲೂಆನ್‌ಗಳಿಂದಲೂ ಆಗಿದೆ. ಎರಡು ಪ್ರೋಟಾನುಗಳು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಎದುರುಬದುರಾಗಿ ಡಿಕ್ಕಿ ಹೊಡೆದಾಗ, ಒಮ್ಮೊಮ್ಮೆ ಒಂದರ ಕ್ವಾರ್ಕ್ ಇನ್ನೊಂದರ ಕ್ವಾರ್ಕ್‌ಗೆ ನೇರವಾಗಿ ತಾಗಿ ಎರಡೂ ಪಕ್ಕಕ್ಕೆ ಚಿಮ್ಮುತ್ತವೆ. ಕ್ವಾರ್ಕ್ ಒಂಟಿಯಾಗಿ ಉಳಿಯಲಾರದು. ಅದು ಹೋಗುವ ದಾರಿಯಲ್ಲೇ ಹತ್ತಾರು ಕಣಗಳಾಗಿ ಒಡೆಯುತ್ತದೆ. ಆ ಕಣಗಳೆಲ್ಲ ಒಂದೇ ದಿಕ್ಕಿನಲ್ಲಿ, ಕಿರಿದಾದ ಶಂಕುವಿನ ಆಕಾರದಲ್ಲಿ ಹೊರಬರುತ್ತವೆ. ಇದೇ ಜೆಟ್.

ಜೆಟ್‌ಗಳು ಸಾಮಾನ್ಯವಾಗಿ ಜೋಡಿಯಾಗಿ ಬರುತ್ತವೆ. ಪ್ರಥಮ ಪಿಯುಸಿಯಲ್ಲಿ ನೀವು ಓದಿದ ಸಂವೇಗ ಸಂರಕ್ಷಣೆಯ ನಿಯಮವೇ ಇದಕ್ಕೆ ಕಾರಣ. ಒಂದು ಎಡಕ್ಕೆ ಚಿಮ್ಮಿದರೆ ಇನ್ನೊಂದು ಅಷ್ಟೇ ಬಲವಾಗಿ ಬಲಕ್ಕೆ ಚಿಮ್ಮಬೇಕು. ಆದ್ದರಿಂದ ಒಂದು ಕಡೆಯ ಜೆಟ್ ದುರ್ಬಲವಾಗಿ ಬಂದರೆ, ಅದರ ಶಕ್ತಿ ಎಲ್ಲಿ ಹೋಯಿತು ಎಂದು ಕೇಳುವ ಹಕ್ಕು ನಮಗಿದೆ.

ಈಗ ಪ್ರೋಟಾನುಗಳ ಬದಲು ಎರಡು ಸೀಸದ ನ್ಯೂಕ್ಲಿಯಸ್‌ಗಳನ್ನು ಡಿಕ್ಕಿ ಹೊಡೆಸೋಣ. ಒಂದೊಂದರಲ್ಲಿ 208 ಪ್ರೋಟಾನು-ನ್ಯೂಟ್ರಾನುಗಳಿವೆ. ಡಿಕ್ಕಿಯಾದ ಜಾಗದಲ್ಲಿ ಒಂದು ಕ್ಷಣದ ಅತ್ಯಲ್ಪ ಭಾಗದಷ್ಟು ಕಾಲ ತಾಪಮಾನ ಲಕ್ಷ ಕೋಟಿ ಡಿಗ್ರಿಗೂ ಮೇಲೇರುತ್ತದೆ. ಸೂರ್ಯನ ಗರ್ಭದ ತಾಪಮಾನ ಸುಮಾರು 1.5 ಕೋಟಿ ಡಿಗ್ರಿ ಎಂಬುದನ್ನು ನೆನಪಿಸಿಕೊಳ್ಳಿ. ಅಷ್ಟು ಬಿಸಿಯಲ್ಲಿ ಪ್ರೋಟಾನು, ನ್ಯೂಟ್ರಾನುಗಳು ಕರಗಿ ಕ್ವಾರ್ಕ್-ಗ್ಲೂಆನ್ ಪ್ಲಾಸ್ಮಾ ಎಂಬ ದ್ರವವಾಗುತ್ತವೆ. ವಿಶ್ವ ಹುಟ್ಟಿದ ಮೊದಲ ಕೆಲವು ಮೈಕ್ರೊಸೆಕೆಂಡುಗಳಲ್ಲಿ ಇದ್ದದ್ದು ಇದೇ ದ್ರವ್ಯ.

ಈ ಪ್ಲಾಸ್ಮಾದ ಮೂಲಕ ಹಾದುಹೋಗುವ ಕ್ವಾರ್ಕ್‌ನ ಪಾಡು ಈದ್ ಹಿಂದಿನ ಸಂಜೆ ಪೇಟೆಯ ಬೀದಿಯಲ್ಲಿ ಓಡಲು ಹೊರಟವನ ಪಾಡು. ಖಾಲಿ ಬೀದಿಯಲ್ಲಾದರೆ ಸಲೀಸಾಗಿ ಓಡಬಹುದು. ಜನ ಕಿಕ್ಕಿರಿದಾಗ ಹೆಜ್ಜೆ ಹೆಜ್ಜೆಗೂ ಒಬ್ಬರಿಗೆ ತಾಗಿ, ಇನ್ನೊಬ್ಬರನ್ನು ಸರಿಸಿ, ಬೀದಿಯ ಇನ್ನೊಂದು ತುದಿ ಸೇರುವಷ್ಟರಲ್ಲಿ ಸುಸ್ತು. ಹಾಗೆಯೇ ಕ್ವಾರ್ಕ್ ತನ್ನ ಶಕ್ತಿಯ ಒಂದಷ್ಟನ್ನು ಪ್ಲಾಸ್ಮಾಕ್ಕೆ ಕೊಟ್ಟು ಹೊರಬರುತ್ತದೆ. ಇದನ್ನೇ ಜೆಟ್‌ನ ಶಕ್ತಿನಷ್ಟ ಎನ್ನುತ್ತಾರೆ.

ಈ ವಿಚಾರವನ್ನು ಮೊದಲು ಮುಂದಿಟ್ಟವರು ಅಮೆರಿಕದ ಫರ್ಮಿಲ್ಯಾಬ್‌ನಲ್ಲಿದ್ದ ಜೇಮ್ಸ್ ಬ್ಯೋರ್ಕೆನ್. 1982ರ ಅವರ ಬರಹದ ಶೀರ್ಷಿಕೆಯಲ್ಲಿ ಇದ್ದದ್ದು ದೊಡ್ಡ ನ್ಯೂಕ್ಲಿಯಸ್‌ಗಳ ಮಾತಲ್ಲ. ಪ್ರೋಟಾನಿನಂಥ ಚಿಕ್ಕ ಕಣಗಳ ಡಿಕ್ಕಿಯಲ್ಲೇ ಜೆಟ್‌ಗಳು ನಂದಿಹೋಗಬಹುದೇ ಎಂದು ಅವರು ಕೇಳಿದ್ದರು. ಉತ್ತರ ಮೊದಲು ಸಿಕ್ಕಿದ್ದು ದೊಡ್ಡ ಡಿಕ್ಕಿಗಳಲ್ಲಿ. ಚಿಕ್ಕ ಡಿಕ್ಕಿಗಳ ಪ್ರಶ್ನೆ ಮಾತ್ರ ನಲವತ್ತು ವರ್ಷ ದಾಟಿದರೂ ಪೂರ್ತಿ ಮುಗಿದಿಲ್ಲ.

ಮೊದಲ ‘ಇಲ್ಲ’ವೇ ಸಾಕ್ಷಿಯಾಯಿತು

ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡ್‌ನಲ್ಲಿರುವ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ 2000ನೇ ಇಸವಿಯಲ್ಲಿ ರಿಕ್ ಎಂಬ ಯಂತ್ರ ಚಿನ್ನದ ನ್ಯೂಕ್ಲಿಯಸ್‌ಗಳನ್ನು ಡಿಕ್ಕಿ ಹೊಡೆಸಲು ಆರಂಭಿಸಿತು. ಲೆಕ್ಕದ ಪ್ರಕಾರ ಎಷ್ಟು ಹೆಚ್ಚು ಶಕ್ತಿಯ ಕಣಗಳು ಬರಬೇಕಿತ್ತೋ, ನಡುಮಧ್ಯದ ಡಿಕ್ಕಿಗಳಲ್ಲಿ ಅದರ ಐದನೇ ಒಂದು ಭಾಗದಷ್ಟೇ ಬಂದವು. ಇಷ್ಟು ದೊಡ್ಡ ಕೊರತೆ ಕಂಡರೆ ಯಾರಿಗಾದರೂ ಸಂಭ್ರಮವಾಗುತ್ತದೆ.

ಆದರೆ ಒಂದು ಅನುಮಾನ ಉಳಿದಿತ್ತು. ಜೆಟ್‌ಗಳು ಪ್ಲಾಸ್ಮಾದಲ್ಲಿ ಸೊರಗಿದವೋ, ಅಥವಾ ಚಿನ್ನದ ನ್ಯೂಕ್ಲಿಯಸ್‌ನಲ್ಲಿ ಗ್ಲೂಆನ್‌ಗಳ ಸ್ಥಿತಿಯೇ ಬೇರೆಯಾಗಿದ್ದು ಆರಂಭದಲ್ಲೇ ಕಡಿಮೆ ಜೆಟ್‌ಗಳು ಹುಟ್ಟಿದವೋ? ಎರಡನ್ನೂ ಬೇರ್ಪಡಿಸಲು 2003ರಲ್ಲಿ ಒಂದು ಕಡೆಯಿಂದ ಚಿನ್ನವನ್ನೂ ಇನ್ನೊಂದು ಕಡೆಯಿಂದ ಒಂದೇ ಪ್ರೋಟಾನು, ಒಂದೇ ನ್ಯೂಟ್ರಾನು ಇರುವ ಡ್ಯೂಟೀರಾನನ್ನೂ ಬಿಟ್ಟರು. ಚಿನ್ನ ಇದೆ, ಆದರೆ ದೊಡ್ಡ ಪ್ಲಾಸ್ಮಾ ಇರಲಾರದು. ದೋಷ ಚಿನ್ನದ್ದಾದರೆ ಕೊರತೆ ಇಲ್ಲಿಯೂ ಕಾಣಬೇಕು.

ಕಾಣಲಿಲ್ಲ. ಅಲ್ಲಿದ್ದ ನಾಲ್ಕು ಪ್ರಯೋಗ ತಂಡಗಳೂ ಆ ವರ್ಷವೇ ಒಟ್ಟಾಗಿ ಅದನ್ನು ಪ್ರಕಟಿಸಿದವು. ಗಮನಿಸಿ: ಚಿನ್ನ-ಚಿನ್ನ ಡಿಕ್ಕಿಯಲ್ಲಿ ‘ಕಂಡದ್ದು’ ಸಾಕ್ಷಿಯಾಗಿ ಗಟ್ಟಿಗೊಂಡದ್ದು ಡ್ಯೂಟೀರಾನ್-ಚಿನ್ನ ಡಿಕ್ಕಿಯಲ್ಲಿ ‘ಕಾಣದೇ ಇದ್ದದ್ದರಿಂದ’. ಚಿಕ್ಕ ಡಿಕ್ಕಿಯ ಆ ‘ಇಲ್ಲ’ ಇರದಿದ್ದರೆ ದೊಡ್ಡ ಡಿಕ್ಕಿಯ ‘ಹೌದು’ ಇಂದಿಗೂ ವಾದದ ವಿಷಯವಾಗಿಯೇ ಇರುತ್ತಿತ್ತೇನೋ.

2010ರ ಕೊನೆಯಲ್ಲಿ ಜಿನೀವಾ ಬಳಿಯ ಸರ್ನ್ ಸಂಸ್ಥೆಯ ಎಲ್‌ಎಚ್‌ಸಿ ಯಂತ್ರ ಸೀಸದ ನ್ಯೂಕ್ಲಿಯಸ್‌ಗಳನ್ನು ಡಿಕ್ಕಿ ಹೊಡೆಸಿದಾಗ ಅಟ್ಲಾಸ್ ತಂಡಕ್ಕೆ ಇದೇ ಪರಿಣಾಮ ಕಣ್ಣಿಗೆ ಹೊಡೆಯುವಂತೆ ಕಂಡಿತು. ಒಂದು ಕಡೆ ಬಲವಾದ ಜೆಟ್, ಅದರ ಎದುರು ಕಡೆ ಸೊರಗಿದ ಜೆಟ್. ದೊಡ್ಡ ಡಿಕ್ಕಿಗಳ ಮಟ್ಟಿಗೆ ಪ್ರಶ್ನೆ ಅಲ್ಲಿಗೆ ಬಹುತೇಕ ತೀರ್ಮಾನವಾಯಿತು.

ಚಿಕ್ಕ ಡಿಕ್ಕಿಯ ಒಗಟು

ಅದೇ ವರ್ಷ ಇನ್ನೊಂದು ತಲೆಬಿಸಿ ಶುರುವಾಯಿತು. ಬಹಳ ಹೆಚ್ಚು ಕಣಗಳು ಹೊರಬಂದ ಪ್ರೋಟಾನು-ಪ್ರೋಟಾನು ಡಿಕ್ಕಿಗಳಲ್ಲಿ, ದೂರ ದೂರದ ಕಣಗಳು ಒಂದೇ ದಿಕ್ಕಿಗೆ ವಾಲಿರುವುದನ್ನು ಸಿಎಂಎಸ್ ತಂಡ ಕಂಡಿತು. 2012ರಲ್ಲಿ ಪ್ರೋಟಾನು-ಸೀಸ ಡಿಕ್ಕಿಗಳಲ್ಲೂ ಅದೇ ಕಂಡಿತು. ಕಣಗಳು ಬಿಡಿಬಿಡಿಯಾಗಿ ಚದುರದೆ ದ್ರವದಂತೆ ಒಟ್ಟಾಗಿ ಹರಿದಾಗ ಕಾಣುವ ಗುರುತು ಇದು. ಮುಂದೆ ರಿಕ್ ಯಂತ್ರದಲ್ಲಿ ಪ್ರೋಟಾನು, ಡ್ಯೂಟೀರಾನ್ ಮತ್ತು ಮೂರು ಕಣಗಳ ಹೀಲಿಯಂ-3 ನ್ಯೂಕ್ಲಿಯಸ್ ಇವನ್ನು ಒಂದೊಂದಾಗಿ ಚಿನ್ನಕ್ಕೆ ಹೊಡೆಸಿದಾಗ, ಹರಿವಿನ ಮಾದರಿ ಆಯಾ ನ್ಯೂಕ್ಲಿಯಸ್‌ನ ಆಕಾರವನ್ನೇ ಅನುಸರಿಸಿತು ಎಂದು ಫೀನಿಕ್ಸ್ ತಂಡ ವರದಿ ಮಾಡಿತು.

ಹಾಗಾದರೆ ಚಿಕ್ಕ ಡಿಕ್ಕಿಯಲ್ಲೂ ಪ್ಲಾಸ್ಮಾದ ಒಂದು ಪುಟ್ಟ ಹನಿ ಹುಟ್ಟುತ್ತದೆಯೇ? ಹನಿ ಇದ್ದರೆ ಅದರ ಮೂಲಕ ಹೋಗುವ ಜೆಟ್ ಒಂದಿಷ್ಟಾದರೂ ಶಕ್ತಿ ಕಳೆದುಕೊಳ್ಳಲೇಬೇಕು. ಸೀಸದ ನ್ಯೂಕ್ಲಿಯಸ್‌ನ ಅಗಲ ಸುಮಾರು 14 ಫೆಮ್ಟೊಮೀಟರ್, ಪ್ರೋಟಾನಿನದು 2ಕ್ಕೂ ಕಡಿಮೆ. ಒಂದು ಮಿಲಿಮೀಟರನ್ನು ಲಕ್ಷ ಕೋಟಿ ಭಾಗ ಮಾಡಿದರೆ ಒಂದು ಭಾಗ ಒಂದು ಫೆಮ್ಟೊಮೀಟರ್. ಬೀದಿ ಚಿಕ್ಕದು, ನಷ್ಟವೂ ಚಿಕ್ಕದಿರಬೇಕು. ಆದರೆ ಸೊನ್ನೆ ಆಗಬಾರದು.

ಪ್ರಯೋಗಕಾರರ ಮೇಲೆ ಎಂಥ ಒತ್ತಡ ಇದ್ದಿರಬಹುದು ಎಂದು ಊಹಿಸಿ. ಸಿದ್ಧಾಂತ ‘ಇರಬೇಕು’ ಎನ್ನುತ್ತಿದೆ. ಅರ್ಧ ಸಾಕ್ಷಿ ಆಗಲೇ ಕೈಯಲ್ಲಿದೆ. ಉಳಿದರ್ಧ ಕಂಡುಹಿಡಿದವರಿಗೆ ಹೆಸರು ಕಾದಿದೆ. ನಮ್ಮ ಪ್ರಯೋಗಾಲಯದಲ್ಲಿ ‘9.8 ಬರಬೇಕು’ ಎಂಬ ಒತ್ತಡ ಇದರ ಪುಟ್ಟ ತಮ್ಮ. ಅವರು ಆ ಒತ್ತಡವನ್ನು ನಿಭಾಯಿಸಿದ ರೀತಿಯಲ್ಲಿ ನಮಗೆ ಮೂರು ಪಾಠಗಳಿವೆ.

ಮೊದಲ ಪಾಠ: ಹೋಲಿಕೆಗೆ ಇಟ್ಟುಕೊಂಡದ್ದು ಸರಿಯಿದೆಯೇ?

ನಷ್ಟ ಎಂದರೆ ಯಾವುದಕ್ಕಿಂತ ನಷ್ಟ? ಇಲ್ಲಿ ಅಳತೆಗೋಲು ಪ್ರೋಟಾನು-ಪ್ರೋಟಾನು ಡಿಕ್ಕಿ. ಅಲ್ಲಿ ಬಂದ ಕಣಗಳ ಲೆಕ್ಕ ಹಿಡಿದು ಇಲ್ಲಿ ಎಷ್ಟು ಬರಬೇಕಿತ್ತು ಎಂದು ಗುಣಿಸುತ್ತಾರೆ. ಬಂದದ್ದನ್ನು ಬರಬೇಕಾದದ್ದರಿಂದ ಭಾಗಿಸುತ್ತಾರೆ. ಉತ್ತರ 1 ಬಂದರೆ ಬದಲಾವಣೆ ಇಲ್ಲ, 1ಕ್ಕಿಂತ ಕಡಿಮೆ ಬಂದರೆ ಕೊರತೆ ಇದೆ ಎಂದರ್ಥ.

2013ರಲ್ಲಿ ಎಲ್‌ಎಚ್‌ಸಿಯ ಪ್ರೋಟಾನು-ಸೀಸ ಡಿಕ್ಕಿಗಳು 5.02 ಟೆರಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಲ್ಲಿ ನಡೆದವು. ಅದೇ ಶಕ್ತಿಯಲ್ಲಿ ಪ್ರೋಟಾನು-ಪ್ರೋಟಾನು ಅಳತೆ ಆಗ ಇರಲಿಲ್ಲ. ಬೇರೆ ಶಕ್ತಿಗಳಲ್ಲಿ ಅಳೆದದ್ದರ ನಡುವೆ ಅಂದಾಜು ಮಾಡಿ ಹೋಲಿಸಬೇಕಾಯಿತು. 2015ರಲ್ಲಿ ಸಿಎಂಎಸ್ ಪ್ರಕಟಿಸಿದ ಅನುಪಾತ ಹೆಚ್ಚು ಶಕ್ತಿಯ ಕಣಗಳಿಗೆ 1.3ರಿಂದ 1.4ರವರೆಗೆ ಏರಿತ್ತು. ಕೊರತೆಯನ್ನು ಹುಡುಕುತ್ತಿದ್ದವರಿಗೆ ಹೆಚ್ಚಳ ಸಿಕ್ಕಿತ್ತು! ಆಲಿಸ್ ತಂಡದ ಅಳತೆಯಲ್ಲಿ ಅಂಥ ಹೆಚ್ಚಳ ಇರಲಿಲ್ಲ.

ಆ ಲೇಖನದಲ್ಲಿ ಅವರು ಅನುಪಾತದ ಚಿಹ್ನೆಯ ಮೇಲೆ ಒಂದು ನಕ್ಷತ್ರ ಹಾಕಿದ್ದರು. ಹೋಲಿಕೆಯ ಅಳತೆ ನಿಜವಾಗಿ ಅಳೆದದ್ದಲ್ಲ, ಅಂದಾಜಿನದು ಎಂಬುದಕ್ಕೆ ಆ ನಕ್ಷತ್ರವೇ ಗುರುತು. 2015ರ ಕೊನೆಗೆ ಅದೇ ಶಕ್ತಿಯಲ್ಲಿ ಪ್ರೋಟಾನು-ಪ್ರೋಟಾನು ಡಿಕ್ಕಿ ನಡೆಸಿ, ಹೋಲಿಕೆಯನ್ನು ಮತ್ತೆ ಮಾಡಿದಾಗ ಹೆಚ್ಚಳ ಬಹುಪಾಲು ಇಳಿಯಿತು. ನಕ್ಷತ್ರವೂ ಹೋಯಿತು. ಆ ಒಂದು ಚುಕ್ಕಿ ಓದುಗರಿಗೆ ಹೇಳಿದ್ದಿಷ್ಟು: “ಇದನ್ನು ನಂಬುವ ಮೊದಲು ಇಲ್ಲಿ ಒಮ್ಮೆ ನಿಂತು ನೋಡಿ.” ನಮ್ಮ ರೆಕಾರ್ಡ್ ಪುಸ್ತಕಗಳಲ್ಲಿ ಅಂಥ ಒಂದು ನಕ್ಷತ್ರ ಕಂಡರೆ ನನಗಂತೂ ತುಂಬಾ ಸಂತೋಷವಾದೀತು.

ಎರಡನೆಯ ಪಾಠ: ಆಯ್ಕೆಯೇ ಮೋಸ ಮಾಡಬಹುದು

ಗದ್ದಲ ಹೆಚ್ಚಿರುವ ತರಗತಿಗಳನ್ನೇ ಆರಿಸಿ ನೋಡಿದರೆ ಅಲ್ಲಿ ಮಾತುಗಾರ ವಿದ್ಯಾರ್ಥಿಗಳು ಹೆಚ್ಚಿರುತ್ತಾರೆ. ಅದನ್ನು ನೋಡಿ “ಗದ್ದಲವು ಮಕ್ಕಳನ್ನು ಮಾತುಗಾರರನ್ನಾಗಿ ಮಾಡುತ್ತದೆ” ಎಂದರೆ ನೀವು ನಗುತ್ತೀರಿ. ಮಾತುಗಾರರು ಇದ್ದದ್ದರಿಂದಲೇ ಆ ತರಗತಿ ನಿಮ್ಮ ಆಯ್ಕೆಯೊಳಗೆ ಬಂತು.

ಆಲಿಸ್ ತಂಡ ಸರಿಯಾಗಿ ಇಂಥದ್ದೇ ಬಲೆಯ ಅಂಚಿಗೆ ಬಂದಿತ್ತು. ಬಹಳ ಹೆಚ್ಚು ಕಣಗಳು ಹೊರಬಂದ ಪ್ರೋಟಾನು-ಪ್ರೋಟಾನು ಡಿಕ್ಕಿಗಳನ್ನು ಆರಿಸಿ, ಒಂದು ಬಲವಾದ ಕಣದ ಎದುರು ದಿಕ್ಕಿನಲ್ಲಿ ಬರುವ ಜೆಟ್‌ಗಳನ್ನು ನೋಡಿದರು. ಸಾಮಾನ್ಯ ಡಿಕ್ಕಿಗಳಲ್ಲಿ ಅವು ಹೆಚ್ಚುಕಡಿಮೆ ನೇರ ಎದುರಿಗೆ ಬರುತ್ತಿದ್ದವು. ಆರಿಸಿದ ಡಿಕ್ಕಿಗಳಲ್ಲಿ ಅವು ಕಡಿಮೆಯಾಗಿದ್ದವು, ದಿಕ್ಕಿನಲ್ಲೂ ಹೆಚ್ಚು ಚದುರಿದ್ದವು. ಪ್ಲಾಸ್ಮಾದ ಹನಿಯಲ್ಲಿ ಎಡವಿದ ಜೆಟ್‌ಗಳು ಹೀಗೆಯೇ ಕಾಣಬೇಕು! ಅಲ್ಲಿಗೇ ನಿಲ್ಲಿಸಿದ್ದರೆ ಮರುದಿನ ದೊಡ್ಡ ಸುದ್ದಿ.

ಅವರು ನಿಲ್ಲಿಸಲಿಲ್ಲ. ಪ್ಲಾಸ್ಮಾ ಎಂಬುದೇ ಇಲ್ಲದ ಕಂಪ್ಯೂಟರ್ ಮಾದರಿಯಲ್ಲಿ ಅದೇ ಆಯ್ಕೆ ಮಾಡಿ ನೋಡಿದರು. ಅಲ್ಲಿಯೂ ಜೆಟ್‌ಗಳು ಹಾಗೆಯೇ ಚದುರಿದ್ದವು. ಕಾರಣ ಆಯ್ಕೆಯಲ್ಲೇ ಇತ್ತು. ಕಣಗಳನ್ನು ಎಣಿಸುವ ಉಪಕರಣ ಕಿರಣದ ದಿಕ್ಕಿಗೆ ಹತ್ತಿರದಲ್ಲಿದೆ. ಒಂದು ಜೆಟ್ ಆ ಉಪಕರಣಕ್ಕೇ ಹೊಕ್ಕರೆ ಎಣಿಕೆ ಏರುತ್ತದೆ, ಆ ಡಿಕ್ಕಿ ‘ಹೆಚ್ಚು ಕಣಗಳದ್ದು’ ಎಂದು ಆಯ್ಕೆಯಾಗುತ್ತದೆ. ಹೀಗೆ ಆಯ್ಕೆಯಾಗುವವುಗಳಲ್ಲಿ ಮೂರು, ನಾಲ್ಕು ಜೆಟ್‌ಗಳಿರುವ ಡಿಕ್ಕಿಗಳು ಹೆಚ್ಚಿರುತ್ತವೆ. ಅವು ನೇರ ಎದುರುಬದುರಾಗಿ ಇರುವುದಿಲ್ಲ. ತಂಡ ಇದನ್ನೆಲ್ಲ ಬಿಡಿಸಿ ಬರೆದು, ಶಕ್ತಿನಷ್ಟದ ಸಾಕ್ಷಿ ಎಂದು ಹೇಳಿಕೊಳ್ಳದೆ ಪ್ರಕಟಿಸಿತು.

ಬಯಸಿದ ಉತ್ತರ ಬರಲಿಲ್ಲವೆಂದರೆ ನಾವೆಲ್ಲ ಮತ್ತೆ ಮತ್ತೆ ಪರೀಕ್ಷಿಸುತ್ತೇವೆ. ಬಯಸಿದ ಉತ್ತರ ಬಂದಾಗಲೂ ಅಷ್ಟೇ ಕಠಿಣವಾಗಿ ಪರೀಕ್ಷಿಸುವುದು ಅಪರೂಪ. ಅವರು ಮಾಡಿದ್ದು ಆ ಅಪರೂಪದ ಕೆಲಸವನ್ನು.

ಮೂರನೆಯ ಪಾಠ: ‘ಇಲ್ಲ’ಕ್ಕೂ ಒಂದು ಸಂಖ್ಯೆ ಬೇಕು

“ಹುಡುಕಿದೆ, ಸಿಗಲಿಲ್ಲ” ಎಂದಷ್ಟೇ ಹೇಳುವುದು ಸುಲಭ. ಕಣ್ಣು ಮುಚ್ಚಿ ಹುಡುಕಿದವರಿಗೂ ಸಿಗುವುದಿಲ್ಲ. ಆದ್ದರಿಂದ ಪ್ರಾಮಾಣಿಕ ‘ಇಲ್ಲ’ದ ಜೊತೆ ಇನ್ನೊಂದು ಮಾತು ಇರಲೇಬೇಕು: ಇದ್ದಿದ್ದರೆ ಎಷ್ಟು ಚಿಕ್ಕದಿದ್ದರೂ ನನ್ನ ಕಣ್ಣಿಗೆ ಬೀಳುತ್ತಿತ್ತು?

2018ರಲ್ಲಿ ಆಲಿಸ್ ತಂಡ ಪ್ರೋಟಾನು-ಸೀಸ ಡಿಕ್ಕಿಗಳ ಬಗ್ಗೆ ಇದಕ್ಕೆ ಉತ್ತರ ಕೊಟ್ಟಿತು. ಜೆಟ್‌ನ ಶಂಕುವಿನಿಂದ ಹೊರಕ್ಕೆ ಶಕ್ತಿ ಸೋರಿದ್ದರೆ, ಅದು ಸರಾಸರಿ 0.4 ಗಿಗಾ ಎಲೆಕ್ಟ್ರಾನ್ ವೋಲ್ಟ್‌ಗಿಂತ ಕಡಿಮೆ. ಈ ಮಾತಿನಲ್ಲಿ ನಮಗಿರುವ ಭರವಸೆ ಶೇ. 90. ಇದೇ ಬಗೆಯ ವಿಧಾನದಲ್ಲಿ ಸೀಸ-ಸೀಸ ಡಿಕ್ಕಿಗಳಲ್ಲಿ ಅವರು ಹಿಂದೆ ಅಳೆದ ಸೋರಿಕೆ ಸುಮಾರು 8. ಅಂದರೆ ಚಿಕ್ಕ ಡಿಕ್ಕಿಯಲ್ಲಿ ಪರಿಣಾಮ ಇದ್ದರೂ ದೊಡ್ಡದರ ಇಪ್ಪತ್ತನೇ ಒಂದು ಭಾಗಕ್ಕಿಂತ ಕಡಿಮೆ.

ಈ ‘ಇಲ್ಲ’ಕ್ಕೆ ಹಲ್ಲುಗಳಿವೆ. ಯಾವುದೇ ಸಿದ್ಧಾಂತ ‘ಪ್ರೋಟಾನು-ಸೀಸ ಡಿಕ್ಕಿಯಲ್ಲಿ ನಷ್ಟ 1 ಇರಬೇಕು’ ಎಂದರೆ ಅದಕ್ಕೆ ಇನ್ನು ಜಾಗವಿಲ್ಲ. ‘0.1 ಇರಬಹುದು’ ಎನ್ನುವ ಸಿದ್ಧಾಂತಕ್ಕೆ ಬಾಗಿಲು ಇನ್ನೂ ತೆರೆದಿದೆ. ಏನನ್ನೂ ಕಂಡುಹಿಡಿಯದ ಒಂದು ಪ್ರಯೋಗ ಹೀಗೆ ಜ್ಞಾನವನ್ನು ಒಂದು ಹೆಜ್ಜೆ ಮುಂದಕ್ಕೆ ಇಟ್ಟಿತು.

ಆಮ್ಲಜನಕ ಹೇಳಿದ್ದು

ಪ್ರೋಟಾನು-ಸೀಸ ಡಿಕ್ಕಿಯಲ್ಲಿ ಮುಖ್ಯ ತೊಡಕು ನಾವು ಮೇಲೆ ನೋಡಿದ ಆಯ್ಕೆಯದ್ದೇ. ಯಾವ ಡಿಕ್ಕಿ ನಡುಮಧ್ಯಕ್ಕೆ ಬಿತ್ತು, ಯಾವುದು ಅಂಚಿಗೆ ತಾಗಿತು ಎಂದು ವಿಂಗಡಿಸಲು ಕಣಗಳ ಎಣಿಕೆಯನ್ನೇ ನಂಬಬೇಕು. ಜೆಟ್ ಆ ಎಣಿಕೆಯನ್ನೇ ಕೆಡಿಸುತ್ತದೆ. ಇದರಿಂದ ಪಾರಾಗಲು ಒಂದು ಉಪಾಯ: ಎರಡೂ ಕಡೆ ಚಿಕ್ಕ ನ್ಯೂಕ್ಲಿಯಸ್‌ಗಳನ್ನೇ ತೆಗೆದುಕೊಂಡು, ಏನನ್ನೂ ವಿಂಗಡಿಸದೆ ಎಲ್ಲ ಡಿಕ್ಕಿಗಳನ್ನೂ ಒಟ್ಟಾಗಿ ಲೆಕ್ಕ ಹಾಕುವುದು. 16 ಕಣಗಳ ಆಮ್ಲಜನಕ ಇದಕ್ಕೆ ಹೇಳಿ ಮಾಡಿಸಿದ್ದು.

2025ರ ಜುಲೈಯಲ್ಲಿ ಎಲ್‌ಎಚ್‌ಸಿಯಲ್ಲಿ ಮೊದಲ ಬಾರಿಗೆ ಆಮ್ಲಜನಕ-ಆಮ್ಲಜನಕ ಡಿಕ್ಕಿಗಳು ನಡೆದವು, 5.36 ಟೆರಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಲ್ಲಿ. ಹೋಲಿಕೆಗೆ ಅದೇ ಶಕ್ತಿಯ ಪ್ರೋಟಾನು-ಪ್ರೋಟಾನು ಅಳತೆ ಈ ಸಲ ಕೈಯಲ್ಲಿತ್ತು. ನಕ್ಷತ್ರದ ಅಗತ್ಯ ಬೀಳಲಿಲ್ಲ. ಕೆಲವೇ ತಿಂಗಳಲ್ಲಿ ಸಿಎಂಎಸ್ ತಂಡ ಫಲಿತಾಂಶ ಮುಂದಿಟ್ಟಿತು. 6 ಗಿಗಾ ಎಲೆಕ್ಟ್ರಾನ್ ವೋಲ್ಟ್ ಆಸುಪಾಸಿನ ಕಣಗಳಲ್ಲಿ ಅನುಪಾತ 0.69ಕ್ಕೆ ಇಳಿದಿತ್ತು, ಅನಿಶ್ಚಿತತೆ 0.04. ನೂರು ಬರಬೇಕಾದಲ್ಲಿ ಬಂದದ್ದು ಸುಮಾರು ಅರವತ್ತೊಂಬತ್ತು. ಶಕ್ತಿ ಹೆಚ್ಚಿದಂತೆ ಅನುಪಾತ ಏರುತ್ತಾ 100ರ ಬಳಿ ಮತ್ತೆ 1ರ ಹತ್ತಿರ ಬಂತು.

ಇಲ್ಲಿಯೂ ಅವರ ಮಾತಿನ ಹದವನ್ನು ಗಮನಿಸಬೇಕು. ‘ಕೊರತೆ ಇದೆ’ ಎಂಬುದನ್ನು ಗಟ್ಟಿಯಾಗಿ ಹೇಳಿದರು. ಕಾರಣದ ವಿಷಯಕ್ಕೆ ಬಂದಾಗ, ಶಕ್ತಿನಷ್ಟವನ್ನು ಸೇರಿಸಿಕೊಂಡ ಲೆಕ್ಕಗಳು ಸೇರಿಸದ ಲೆಕ್ಕಗಳಿಗಿಂತ ದತ್ತಾಂಶಕ್ಕೆ ಹೆಚ್ಚು ಹೊಂದುತ್ತವೆ ಎಂದಷ್ಟೇ ಹೇಳಿದರು. ಏಕೆಂದರೆ ಬ್ರೂಕ್‌ಹೇವನ್‌ನ ಹಳೆಯ ಅನುಮಾನ ಇಲ್ಲಿಯೂ ಇದೆ. ಆಮ್ಲಜನಕದೊಳಗೆ ಗ್ಲೂಆನ್‌ಗಳ ಹಂಚಿಕೆ ಬೇರೆಯಾಗಿದ್ದರೆ ಕೊರತೆಯ ಒಂದು ಪಾಲು ಅದರಿಂದಲೂ ಬರಬಹುದು. ಪ್ರೋಟಾನು-ಸೀಸದ ‘ಇಲ್ಲ’ವನ್ನೂ ಆಮ್ಲಜನಕದ ‘ಹೌದು’ವನ್ನೂ ಒಟ್ಟಿಗೆ ಇಟ್ಟು, ಎಷ್ಟು ದೊಡ್ಡ ಹನಿಯಿಂದ ನಷ್ಟ ಕಾಣತೊಡಗುತ್ತದೆ ಎಂದು ಕಂಡುಕೊಳ್ಳುವುದು ಮುಂದಿನ ಕೆಲಸ. ಹಿಂದಿನವರು ‘ಇಲ್ಲ’ವನ್ನು ಮುಚ್ಚಿಟ್ಟಿದ್ದರೆ ಅಥವಾ ಅಳಿಸಿ ‘ಹೌದು’ ಎಂದು ಬರೆದಿದ್ದರೆ ಈ ಪ್ರಶ್ನೆಯನ್ನು ಕೇಳಲೂ ಸಾಧ್ಯವಾಗುತ್ತಿರಲಿಲ್ಲ.

ಇದು ಎಲ್ಲೋ ದೂರದವರ ಕೆಲಸ ಎಂದುಕೊಳ್ಳಬೇಡಿ. ಭಾರತ 2017ರಿಂದ ಸರ್ನ್‌ನ ಸಹ ಸದಸ್ಯ ರಾಷ್ಟ್ರ. ಆಲಿಸ್ ತಂಡದಲ್ಲಿ ಕೋಲ್ಕತ್ತಾದ ವೇರಿಯಬಲ್ ಎನರ್ಜಿ ಸೈಕ್ಲೊಟ್ರಾನ್ ಕೇಂದ್ರದವರೂ ಸಿಎಂಎಸ್ ತಂಡದಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಇದ್ದಾರೆ. ನಿಮ್ಮಲ್ಲಿ ಯಾರಾದರೂ ನಾಳೆ ಅಲ್ಲಿಗೆ ಹೋಗಬಹುದು. ಹೋಗುವಾಗ ಯಾವ ಅಭ್ಯಾಸವನ್ನು ಕೊಂಡೊಯ್ಯುತ್ತೀರಿ ಎಂಬುದು ಇಲ್ಲಿ, ಈಗ ತೀರ್ಮಾನವಾಗುತ್ತದೆ.

ನಮ್ಮ ಪ್ರಯೋಗಾಲಯದ ಮಾತು

ಸರಳ ಲೋಲಕದ ಪ್ರಯೋಗವನ್ನೇ ತೆಗೆದುಕೊಳ್ಳಿ. ಒಂದು ಮೀಟರ್ ಉದ್ದದ ಲೋಲಕ ಇಪ್ಪತ್ತು ಆಂದೋಲನಕ್ಕೆ ಸುಮಾರು 40 ಸೆಕೆಂಡು ತೆಗೆದುಕೊಳ್ಳುತ್ತದೆ. ಸ್ಟಾಪ್‌ವಾಚ್ ಒತ್ತುವಾಗ ಬೆರಳು 0.2 ಸೆಕೆಂಡು ತಡಮಾಡಿದರೂ ಗುರುತ್ವ ವೇಗೋತ್ಕರ್ಷದ ಉತ್ತರದಲ್ಲಿ ಶೇ. 1ರಷ್ಟು, ಅಂದರೆ ಸುಮಾರು 0.1 ವ್ಯತ್ಯಾಸ ಸಹಜ. ನಮ್ಮ ಅಕ್ಷಾಂಶದಲ್ಲಿ ನಿಜವಾದ ಬೆಲೆಯೇ ಸುಮಾರು 9.78. ಹೀಗಿರುವಾಗ ಒಂದು ತರಗತಿಯ ಎಲ್ಲರಿಗೂ 9.8 ಬರುವುದು ಹೇಗೆ? ಲೋಲಕ ಹಾಗೆ ಹೇಳಿರಲಾರದು. ಉತ್ತರ ಮೊದಲು ಬಂದು, ಅಳತೆಗಳು ಆಮೇಲೆ ಅದರ ಹಿಂದೆ ನಡೆದುಕೊಂಡು ಬಂದಿವೆ.

ಒಬ್ಬ ವಿದ್ಯಾರ್ಥಿನಿಗೆ 10.8 ಬಂತು ಎಂದುಕೊಳ್ಳಿ. ಅಳಿಸಿ 9.8 ಬರೆದರೆ ಕಥೆ ಮುಗಿಯಿತು. ಅಳಿಸದೆ ‘ಏಕೆ?’ ಎಂದು ಕೇಳಿದರೆ ಒಂದು ಸೊಗಸಾದ ಸಂಗತಿ ಸಿಗಬಹುದು. ಲೋಲಕ ಬಿಡುವಾಗ ‘ಸೊನ್ನೆ’ ಎನ್ನುವ ಬದಲು ‘ಒಂದು’ ಎಂದು ಎಣಿಸತೊಡಗಿದರೆ, ಇಪ್ಪತ್ತು ಎಂದಾಗ ಆಗಿರುವುದು ಹತ್ತೊಂಬತ್ತೇ ಆಂದೋಲನ. ಲೆಕ್ಕ ಹಾಕಿ ನೋಡಿ: ಉತ್ತರ ಸರಿಯಾಗಿ 10.8ರ ಆಸುಪಾಸಿಗೆ ಬರುತ್ತದೆ. ರಬ್ಬರ್ ಅಳಿಸಿ ಹಾಕುವುದು ಬರೀ ಒಂದು ಸಂಖ್ಯೆಯನ್ನಲ್ಲ, ಆಕೆ ಕಲಿಯಬಹುದಾಗಿದ್ದ ಪಾಠವನ್ನೇ ಅಳಿಸುತ್ತದೆ.

“ಹಾಗಾದರೆ ಅಜಾಗರೂಕತೆಯಿಂದ ಮಾಡಿದವರಿಗೂ ಅಂಕ ಕೊಡಬೇಕೇ?” ಎಂದು ಸಹೋದ್ಯೋಗಿಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೇ ಮೂರನೆಯ ಪಾಠ ಇರುವುದು. ಬರೀ ‘ಬರಲಿಲ್ಲ’ ಎಂದವರಿಗೆ ಅಂಕ ಬೇಡ. ಎಷ್ಟು ವ್ಯತ್ಯಾಸ ಸಹಜ, ನನ್ನ ಉತ್ತರ ಅದರೊಳಗಿದೆಯೇ, ಇಲ್ಲವಾದರೆ ಕಾರಣ ಏನಿರಬಹುದು ಎಂದು ಬರೆದವರಿಗೆ ಕೊಡೋಣ. ಅಜಾಗರೂಕರಿಗೆ ಇದನ್ನು ಬರೆಯಲು ಆಗುವುದಿಲ್ಲ. ಬೇರೆಯವರ ರೆಕಾರ್ಡ್ ನೋಡಿ ಬರೆದವರಿಗಂತೂ ಸಾಧ್ಯವೇ ಇಲ್ಲ. ಈಗಿನ ಪದ್ಧತಿಗಿಂತ ಇದು ಕಠಿಣವೇ ಹೊರತು ಸಡಿಲವಲ್ಲ.

“ಪಬ್ಲಿಕ್ ಪರೀಕ್ಷೆಯ 30 ಅಂಕದ ಪ್ರಾಕ್ಟಿಕಲ್‌ನಲ್ಲಿ ಇದೆಲ್ಲ ನಡೆಯುತ್ತದೆಯೇ?” ಎಂಬುದು ವಿದ್ಯಾರ್ಥಿಗಳ ಪ್ರಶ್ನೆ. ಅಲ್ಲಿನ ನಿಯಮಗಳನ್ನು ನಾವು ಬದಲಿಸಲಾರೆವು. ಆದರೆ ವರ್ಷವಿಡೀ ನಮ್ಮ ಪ್ರಯೋಗಾಲಯದಲ್ಲಿ ನಡೆಯುವುದು ನಮ್ಮ ಕೈಯಲ್ಲೇ ಇದೆ. ತನ್ನ ಅಳತೆಯನ್ನು ತಾನೇ ಪರೀಕ್ಷಿಸಿ ರೂಢಿಯಾದವರು ಪರೀಕ್ಷೆಯ ದಿನ ಉತ್ತರ ತುಸು ಆಚೀಚೆ ಬಂದರೂ ಗಾಬರಿಯಾಗುವುದಿಲ್ಲ. ಪರೀಕ್ಷಕರ ಮೌಖಿಕ ಪ್ರಶ್ನೆಗೂ ಅವರ ಬಳಿ ಮಾತಿರುತ್ತದೆ.

ಆದ್ದರಿಂದ ನನ್ನ ಸಲಹೆ ಮೂರು. ಒಂದು, ರೆಕಾರ್ಡ್ ಪುಸ್ತಕದಲ್ಲಿ ಅಳತೆಗಳನ್ನು ಪೆನ್ನಿನಲ್ಲೇ ಬರೆಯೋಣ. ತಪ್ಪಿದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯೋಣ, ಅಳಿಸುವುದು ಬೇಡ. ಎರಡು, ಪ್ರತಿ ಪ್ರಯೋಗದ ಕೊನೆಯಲ್ಲಿ ‘ನನ್ನ ಉತ್ತರ ಎಷ್ಟು ಆಚೀಚೆ ಇರಬಹುದು’ ಎಂಬ ಒಂದು ಸಾಲು ಕಡ್ಡಾಯವಾಗಲಿ. ಮೂರು, ತಿಂಗಳಿಗೊಮ್ಮೆ ಅತ್ಯಂತ ಪ್ರಾಮಾಣಿಕವಾದ ‘ಕಾಣಲಿಲ್ಲ’ ಅಥವಾ ‘ಹೊಂದಲಿಲ್ಲ’ ಎಂಬ ವರದಿಯನ್ನು ಆರಿಸಿ ಪ್ರಯೋಗಾಲಯದ ನೋಟಿಸ್ ಬೋರ್ಡಿಗೆ ಹಾಕೋಣ. ಇದಕ್ಕೆ ಹಣ ಬೇಡ, ಹೊಸ ಉಪಕರಣ ಬೇಡ, ಯಾರ ಅನುಮತಿಯೂ ಬೇಡ.

ಇದು ಭೌತಶಾಸ್ತ್ರಕ್ಕಷ್ಟೇ ಸೀಮಿತವಲ್ಲ. ನಾಳೆ ನಿಮ್ಮಲ್ಲಿ ಒಬ್ಬರು ಲ್ಯಾಬ್ ಟೆಕ್ನಿಷಿಯನ್ ಆಗಿ ರಕ್ತ ಪರೀಕ್ಷೆಯ ವರದಿ ಬರೆಯುತ್ತೀರಿ, ಇನ್ನೊಬ್ಬರು ಸೇತುವೆಯ ಕಾಂಕ್ರೀಟಿನ ಬಲ ಅಳೆಯುತ್ತೀರಿ, ಮತ್ತೊಬ್ಬರು ಲೆಕ್ಕಪತ್ರ ತಪಾಸಣೆ ಮಾಡುತ್ತೀರಿ. ಅಲ್ಲೆಲ್ಲ ‘ಇಷ್ಟು ಬರಬೇಕು’ ಎಂದು ಯಾರಾದರೂ ಹೇಳಿಯೇ ಇರುತ್ತಾರೆ. ಬಂದದ್ದನ್ನು ಬಂದ ಹಾಗೆ ಬರೆಯುವ ಕೈ ಆ ದಿನ ಇದ್ದಕ್ಕಿದ್ದಂತೆ ಹುಟ್ಟುವುದಿಲ್ಲ. ಅದನ್ನು ಹದಿನಾರು, ಹದಿನೇಳನೇ ವಯಸ್ಸಿನಲ್ಲಿ, ಒಂದು ದಾರ, ಒಂದು ಗುಂಡು, ಒಂದು ಸ್ಟಾಪ್‌ವಾಚ್ ಹಿಡಿದು ಪಳಗಿಸಬೇಕು.